ಅತಿಥಿಯೋ, ಗಿರಾಕಿಯೋ?

ಅತಿಥಿ ಎಂದರೆ ತಿಥಿ ಇಲ್ಲದವನು, ಇಂಥ ದಿನ ಬರುತ್ತೇನೆಂದು ಹೇಳದೆ ಬಂದವನು ಎಂದು ಅರ್ಥ ಹೇಳುವುದುಂಟು. ಹಾಗಾದರೆ ಇಂದಿನ ಪ್ರವಾಸಿಯನ್ನು ಏನೆಂದು ಕರೆಯೋಣ? ಅವನು ಬರುವ ದಿನ, ಇಳಿಯುವ ಗಂಟೆ, ಮಲಗುವ ಮಂಚ ಎಲ್ಲವೂ ಆರು ತಿಂಗಳ ಮೊದಲೇ ಗೊತ್ತು. ಹಣವೂ ಪಾವತಿಯಾಗಿರುತ್ತದೆ. ಯಾರ ದಾಕ್ಷಿಣ್ಯಕ್ಕೂ ಅವನು ಒಳಗಾಗಬೇಕಾಗಿಲ್ಲ. ಆದರೆ ಹೀಗೆ ಹಣ ಕೊಟ್ಟ ಮಾತ್ರಕ್ಕೆ ಒಂದು ಊರಿನ ಮೇಲೆ ನಮಗೆ ಎಷ್ಟು ಹಕ್ಕು ಬರುತ್ತದೆ? ನಮ್ಮ ಮನೆಯಲ್ಲಿ ಕ್ರೊಯೇಷಿಯಾ ಪ್ರವಾಸದ ಮಾತು ಎದ್ದಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. (ಸರ್ಕಾರಿ ಗುಮಾಸ್ತನಿಗೆ ಇದೆಂಥ ಹುಚ್ಚು ಎನ್ನುವವರಿಗೆ: ಎಲ್‌ಟಿಸಿ ದೇಶದ ಗಡಿಯೊಳಗೇ ನಿಲ್ಲುತ್ತದೆಂದು ನನಗೂ ಗೊತ್ತು. ಇದು ಕೂಡಿಟ್ಟ ಹಣ.)

ಆ ದೇಶದ ಕರಾವಳಿಯ ಚೆಲುವು ಭೂಗೋಳದ ಪಾಠವೂ ಹೌದು. ಆಡ್ರಿಯಾಟಿಕ್ ಸಮುದ್ರದ ದಡಕ್ಕೆ ಸಮಾನಾಂತರವಾಗಿ ಸುಣ್ಣಕಲ್ಲಿನ ಬೆಟ್ಟಸಾಲುಗಳು ಹಬ್ಬಿದ್ದವು. ಹಿಮಯುಗ ಮುಗಿದು ಕಡಲು ಏರಿದಾಗ ಕಣಿವೆಗಳು ಮುಳುಗಿದವು, ಬೆಟ್ಟದ ನೆತ್ತಿಗಳು ದ್ವೀಪಗಳಾಗಿ ಉಳಿದವು. ಇಂಥ ತೀರಕ್ಕೆ ಭೂಗೋಳಶಾಸ್ತ್ರದಲ್ಲಿ ಡಾಲ್ಮೇಷಿಯನ್ ತೀರವೆಂದೇ ಹೆಸರು. ಬಂಡೆ, ನಡುಗಡ್ಡೆಗಳನ್ನೆಲ್ಲ ಸೇರಿಸಿದರೆ ಸಾವಿರಕ್ಕೂ ಹೆಚ್ಚು. ಜನ ಇರುವುದು ಸುಮಾರು ಐವತ್ತರಲ್ಲಿ ಮಾತ್ರ. ಚಿತ್ರಗಳನ್ನು ನೋಡಿದರೆ ನೀಲಿಯ ಮೇಲೆ ಯಾರೋ ಹಸಿರು ಚೆಲ್ಲಿದಂತಿದೆ.

ಆ ಚಿತ್ರಗಳಲ್ಲೆಲ್ಲ ಮೊದಲು ಕಾಣುವುದು ಡುಬ್ರೊವ್ನಿಕ್ ನಗರ. ಕೋಟೆಯ ಗೋಡೆ ಎರಡು ಕಿಲೋಮೀಟರಿಗೆ ತುಸು ಕಡಿಮೆ, ಒಳಗೆ ನಡೆದು ನಡೆದು ನುಣುಪಾದ ಕಲ್ಲುಹಾಸಿನ ಬೀದಿಗಳು. 1979ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 1991ರ ಯುದ್ಧದಲ್ಲಿ ಇದರ ಮೇಲೆ ಗುಂಡಿನ ಮಳೆಯೇ ಸುರಿಯಿತು. ಆ ವರ್ಷ ಕೋಟೆಯೊಳಗೆ ಸುಮಾರು ಐದು ಸಾವಿರ ಜನ ವಾಸವಾಗಿದ್ದರು. ಇಂದು ಇರುವುದು ಹೆಚ್ಚೆಂದರೆ ಸಾವಿರದ ಐನೂರು. ಒಡೆದ ಹೆಂಚುಗಳನ್ನು ಮತ್ತೆ ಹೊದಿಸಿದರು, ಊರು ಮೊದಲಿನಂತಾಯಿತು, ಆದರೆ ಜನ ಉಳಿಯಲಿಲ್ಲ. ಮನೆಗಳು ಪ್ರವಾಸಿಗಳಿಗೆ ಬಾಡಿಗೆ ಕೋಣೆಗಳಾದವು. ದಿನಸಿ ಕೊಳ್ಳುವವರು ಕಡಿಮೆಯಾಗಿ, ಐಸ್‌ಕ್ರೀಮ್ ಕೊಳ್ಳುವವರು ಹೆಚ್ಚಾದರು. ಯುದ್ಧ ಮಾಡಲಾಗದ್ದನ್ನು ನಮ್ಮ ಪ್ರೀತಿ ಮಾಡಿಬಿಟ್ಟಿತೇ?

2019ರಲ್ಲಿ ಅಲ್ಲಿನ ಪುರಸಭೆ, ಒಂದು ಹೊತ್ತಿಗೆ ಎರಡೇ ವಿಹಾರ ಹಡಗು, ನಾಲ್ಕು ಸಾವಿರ ಪ್ರಯಾಣಿಕರು ಎಂದು ಮಿತಿ ಹಾಕಿತು. 2023ರಲ್ಲಿ, ಚಕ್ರದ ಪೆಟ್ಟಿಗೆಗಳನ್ನು ಕಲ್ಲುಬೀದಿಯ ಮೇಲೆ ದರದರನೆ ಎಳೆಯಬೇಡಿ, ಎತ್ತಿಕೊಂಡು ಹೋಗಿ ಎಂದು ಬಂದವರನ್ನು ಕೇಳಿಕೊಂಡಿತು. ಹೊತ್ತಲ್ಲದ ಹೊತ್ತಿನಲ್ಲಿ ಆ ಸದ್ದಿಗೆ ಎಚ್ಚರವಾಗುವವರು ಅಲ್ಲಿ ಇನ್ನೂ ಇದ್ದಾರೆ ಎಂಬುದೇ ನನಗೆ ಹೊಸ ಸುದ್ದಿಯಂತೆ ಕೇಳಿಸಿತು. ಚಿತ್ರಗಳಲ್ಲಿ ಅವರು ಇರಲಿಲ್ಲ.

'ನಾಲ್ಕು ಜನ ಹೋದರೆ ಆ ಊರಿಗೇನು ಭಾರ?' ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಭೌತವಿಜ್ಞಾನ ಓದಿದವನಿಗೆ ಈ ತರ್ಕ ಒಪ್ಪಿಗೆಯಾಗುವುದು ಕಷ್ಟ. ಬಲೂನಿನೊಳಗಿನ ಯಾವ ಅಣುವನ್ನು ಕೇಳಿದರೂ ಒತ್ತಡ ತನ್ನದಲ್ಲವೆಂದೇ ಅದು ಹೇಳೀತು. ಲೆಕ್ಕ ಹಾಕಿದರೆ ಅದರ ಪಾಲು ನಿಜಕ್ಕೂ ಸೊನ್ನೆಗೆ ಹತ್ತಿರ. ಆದರೂ ಬಲೂನು ಒಡೆಯುತ್ತದೆ. ಹಾಗೆಂದು ಯಾರೂ ಎಲ್ಲಿಗೂ ಹೋಗಕೂಡದು ಎನ್ನುವುದು ಸನ್ಯಾಸಿಯ ಮಾತಾಯಿತು. ಪ್ರವಾಸಿಗಳ ಹಣದಿಂದಲೇ ಒಲೆ ಹೊತ್ತುವ ಮನೆಗಳು ಅಲ್ಲಿ ಬಹಳ. 2020ರಲ್ಲಿ ರೋಗದ ಭಯಕ್ಕೆ ಲೋಕವೆಲ್ಲ ಬಾಗಿಲು ಹಾಕಿಕೊಂಡಾಗ ಆ ಮನೆಗಳಿಗೆ ಮೌನ ಹಿತವೆನಿಸಿರಲಾರದು.

ಆ ದ್ವೀಪಗಳ ಇನ್ನೊಂದು ಕಥೆ ನಮಗೆ ಹೆಚ್ಚು ಹತ್ತಿರದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಫಿಲೋಕ್ಸೆರಾ ಎಂಬ ಸಣ್ಣ ಕೀಟ ದ್ರಾಕ್ಷಿಬಳ್ಳಿಯ ಬೇರು ಹಿಡಿದು ತೋಟಗಳನ್ನು ಒಣಗಿಸಿತು. ದ್ರಾಕ್ಷಿಯನ್ನೇ ನಂಬಿದ್ದ ಜನ ಹಡಗು ಹತ್ತಿದರು. ಬ್ರಾಚ್ ದ್ವೀಪದ ಎಷ್ಟೋ ಮನೆತನಗಳು ಚಿಲಿ ದೇಶದಲ್ಲಿ ನೆಲೆಸಿದವು. ಬೇರೆ ದ್ವೀಪದವರು ಕ್ಯಾಲಿಫೋರ್ನಿಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎಂದು ಚದುರಿದರು. ಹೋಟೆಲು ಕೆಲಸಕ್ಕೆಂದು ಮುಂಬಯಿಗೆ ಹೊರಟ ನಮ್ಮ ಕರಾವಳಿಯ ಹುಡುಗರ ಕಥೆ ಬಲ್ಲ ಈ ಪತ್ರಿಕೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾವು 'ಎಂಥ ಪ್ರಶಾಂತ ಹಳ್ಳಿ' ಎಂದು ಮೆಚ್ಚುವ ಕಲ್ಲಿನ ಮನೆಗಳ ಪ್ರಶಾಂತಿ, ಹೊಟ್ಟೆಪಾಡಿಗೆ ಊರು ಬಿಟ್ಟವರ ಗೈರುಹಾಜರಿ. ನಮ್ಮ ಹಳ್ಳಿಯ ಬೀಗ ಹಾಕಿದ ಮನೆಯ ಮುಂದೆ ಪರದೇಶದವನೊಬ್ಬ ನಿಂತು ಫೋಟೋ ತೆಗೆದುಕೊಂಡರೆ ನಮಗೆ ಹೇಗಾದೀತು? ನನಗೆ ಸ್ವಲ್ಪ ಹೆಮ್ಮೆ, ಸ್ವಲ್ಪ ಸಿಟ್ಟು, ಎರಡೂ ಆದೀತು.

ಬಂದವರನ್ನು ತಡೆದು ನಿಲ್ಲಿಸುವುದೂ ಡುಬ್ರೊವ್ನಿಕ್‌ಗೆ ಹೊಸದಲ್ಲ. 1377ರಲ್ಲಿ, ಪ್ಲೇಗಿನ ನಾಡಿನಿಂದ ಬಂದವರು ಮೊದಲು ಪಕ್ಕದ ಮರ್ಕನ್ ದ್ವೀಪದಲ್ಲೋ ತ್ಸಾವ್ಟಾಟ್ ಪಟ್ಟಣದಲ್ಲೋ 30 ದಿನ ಇದ್ದು ಆಮೇಲೆ ಊರೊಳಗೆ ಬರಬೇಕು ಎಂದು ಅಲ್ಲಿ ಕಾನೂನಾಯಿತು. ವ್ಯಾಪಾರವೇ ಬದುಕಾಗಿದ್ದ ನಗರ, ವ್ಯಾಪಾರಿಗಳನ್ನು ಓಡಿಸಲಿಲ್ಲ, ಕಾಯಿಸಿತು. ಅತಿಥಿಗೂ ಆತಿಥೇಯನಿಗೂ ನಡುವೆ ಇರಬೇಕಾದ ಅಂತರವನ್ನು ಇಷ್ಟು ಜಾಣತನದಿಂದ ಅಳೆದದ್ದು ಅಪರೂಪ. ಈಗಿನ ಕಾಯುವಿಕೆ ಬೇರೆ ಬಗೆಯದು. 2023ರ ಜನವರಿ 1ರಂದು ಕ್ರೊಯೇಷಿಯಾ ಷೆಂಗೆನ್ ಒಕ್ಕೂಟ ಸೇರಿದ್ದರಿಂದ ನಮಗೆ ಬೇಕಾದದ್ದು ಆ ವೀಸಾ: ಬ್ಯಾಂಕಿನ ಲೆಕ್ಕ, 30,000 ಯೂರೋ ವಿಮೆ, ಕಚೇರಿಯ ರಜಾ ಪತ್ರ. ಇಷ್ಟೆಲ್ಲ ಕಾಗದಗಳು ಕೇಳುವುದು ಒಂದೇ ಮಾತು: ನೀವು ಮರಳಿ ಹೋಗುವಿರಿ ತಾನೆ? ಬೇರೆ ಕಡೆ ನಿಮಗೊಂದು ಊರಿದೆ ಎಂದು ತೋರಿಸಿದರಷ್ಟೇ ಇಲ್ಲಿ ಸ್ವಾಗತ. ಹುಟ್ಟಿದ ಊರು ಒಂದು, ರೇಷನ್ ಕಾರ್ಡಿನ ಊರು ಇನ್ನೊಂದು ಆಗಿರುವ ನಮ್ಮಂಥವರು ಈ ಪ್ರಶ್ನೆಯ ಮುಂದೆ ಒಂದು ಕ್ಷಣ ಪೆನ್ನು ಎತ್ತಿ ಹಿಡಿಯುತ್ತೇವೆ.

ಮಗಳು ಮೊದಲು ಬರೆದ ಪಟ್ಟಿಯಲ್ಲಿ ಎಂಟು ದಿನಕ್ಕೆ ಏಳು ದ್ವೀಪಗಳಿದ್ದವು. ಇದು ನೋಡುವುದಲ್ಲ, ಹಾಜರಿ ಹಾಕುವುದು ಎಂಬುದು ನನ್ನ ವಾದ. 'ಅಪ್ಪಾ, ಇಷ್ಟು ಖರ್ಚು ಮಾಡಿ ಒಂದೇ ಕಡೆ ಕೂತುಕೊಳ್ಳೋದಾ?' ಎಂಬುದು ಅವಳದು. ಅವಳ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ. ಮತ್ತೊಮ್ಮೆ ಹೋಗುವ ಶಕ್ತಿ ನಮಗಿಲ್ಲ. ಆದರೆ ಏಳು ಊರುಗಳಲ್ಲಿ ನಾವು ಗಿರಾಕಿಗಳು. ಒಂದೇ ಊರಲ್ಲಿ ಆರು ದಿನ ಇದ್ದರೆ ಬ್ರೆಡ್ಡಿನ ಅಂಗಡಿಯವನಾದರೂ ಮುಖ ಗುರುತು ಹಿಡಿದಾನು.

ಈಗ ಒಪ್ಪಂದವಾಗಿರುವುದು ವಿಸ್ ದ್ವೀಪಕ್ಕೆ. ಯುಗೊಸ್ಲಾವಿಯಾದ ಸೈನಿಕ ನೆಲೆಯಾಗಿದ್ದುದರಿಂದ 1989ರವರೆಗೆ ಅಲ್ಲಿಗೆ ವಿದೇಶೀಯರ ಪ್ರವೇಶವೇ ಇರಲಿಲ್ಲ. ಜುಲೈ, ಆಗಸ್ಟಿನ ನೂಕುನುಗ್ಗಲು ಬೇಡ, ಮೇ ತಿಂಗಳು ಸಾಕು. ವಿಹಾರ ಹಡಗಲ್ಲ, ದ್ವೀಪದ ಜನ ಆಸ್ಪತ್ರೆಗೂ ಪೇಟೆಗೂ ಹೋಗಿಬರುವ ಮಾಮೂಲಿ ದೋಣಿ. ಸ್ಪ್ಲಿಟ್ ಬಂದರಿನಿಂದ ಎರಡು ಗಂಟೆಯ ಮೇಲೆ ಸ್ವಲ್ಪ. ಇಳಿದುಕೊಳ್ಳುವುದು, ಮನೆಯವರೂ ಅಲ್ಲೇ ವಾಸವಿರುವ ಒಂದು ಮನೆಯ ಮೇಲಂತಸ್ತಿನಲ್ಲಿ. ಪೆಟ್ಟಿಗೆ ಎರಡೇ, ಕೈಯಲ್ಲಿ ಎತ್ತಲು ಆಗುವಷ್ಟು. ಅದರಲ್ಲಿ ಅರ್ಧ ಜಾಗ ಚಟ್ನಿಪುಡಿಗೂ ಅವಲಕ್ಕಿಗೂ ಹೋಗುವುದೆಂದು ಮನೆಯವಳು ಆಗಲೇ ತಿಳಿಸಿದ್ದಾಳೆ. ಮನೆಯವರಿಗೆ ಕೊಡಲು ಒಂದಿಷ್ಟು ಮೈಸೂರು ಪಾಕನ್ನೂ ಒಯ್ಯೋಣವೆಂದಳು.