ಸಿಕ್ಕಷ್ಟೂ ಸಾಲದೇಕೆ?



ಹುಬ್ಬಳ್ಳಿ-ಧಾರವಾಡದಲ್ಲಿ ಬೆಳೆದವರಿಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಚಿಕ್ಕವನಿದ್ದಾಗ ಸವದತ್ತಿಯ ಕಡೆಯಿಂದ ಬರುವ ಮಲಪ್ರಭೆಯ ನೀರು ನಮ್ಮ ಓಣಿಗೆ ದಿನಗಟ್ಟಲೆ ಕಾಯಿಸಿ ಬರುತ್ತಿತ್ತು. “ನಳ ಬಂತು” ಎಂಬ ಕೂಗು ಕೇಳಿದರೆ ಸಾಕು, ಮಧ್ಯರಾತ್ರಿಯಾದರೂ ಓಣಿಯೆಲ್ಲ ಎದ್ದು ನಿಲ್ಲುತ್ತಿತ್ತು. ಕೊಡ, ಬಕೆಟ್ಟು, ಹಂಡೆ, ಕಡೆಗೆ ಅಡುಗೆಮನೆಯ ಪಾತ್ರೆಗಳೂ ತುಂಬುತ್ತಿದ್ದವು. ಎಲ್ಲವೂ ತುಂಬಿದ ಮೇಲೆ ಅಮ್ಮಿ ಬಾಗಿಲ ಕಟ್ಟೆಯ ಮೇಲೆ ಕುಳಿತು, ಸೆರಗಿನಿಂದ ಮುಖ ಒರೆಸಿಕೊಂಡು “ಅಲ್‌ಹಮ್ದುಲಿಲ್ಲಾಹ್” ಎನ್ನುತ್ತಿದ್ದರು. ಆ ಮಾತು ಹೃದಯದಾಳದಿಂದ ಬರುತ್ತಿತ್ತು.

2008ರಲ್ಲಿ ಪ್ರಾಯೋಗಿಕವಾಗಿ ಅವಳಿ ನಗರದ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಬರತೊಡಗಿತು. ನನ್ನ ಖಾಲಾ ಅಂತಹ ಒಂದು ವಾರ್ಡಿನಲ್ಲಿದ್ದರು. ನಾವು ಅವರ ಮನೆಗೆ ಹೋದಾಗ, ನಡುಮಧ್ಯಾಹ್ನ ನಳ ತಿರುಗಿಸಿ ನೀರು ಸುರಿಯುವುದನ್ನು ನೋಡುವುದೇ ನಮಗೊಂದು ಸಂಭ್ರಮ. ಖಾಲಾ ಕೂಡ ಹೆಮ್ಮೆಯಿಂದ ತೋರಿಸುತ್ತಿದ್ದರು. ಒಂದು ವರ್ಷ ಕಳೆಯಿತು. ಮತ್ತೆ ಹೋದಾಗ ಅವರ ಮಾತು ಬೇರೆಯಾಗಿತ್ತು: “ನೀರೇನೋ ಬರುತ್ತದೆ, ಆದರೆ ಮೇಲಿನ ಟಾಕಿಗೆ ಏರುವುದಿಲ್ಲವಪ್ಪಾ!”

ನಗಬೇಡಿರಿ. ಖಾಲಾರ ಸ್ಥಾನದಲ್ಲಿ ನೀವಿದ್ದರೂ, ನಾನಿದ್ದರೂ ಅದನ್ನೇ ಹೇಳುತ್ತಿದ್ದೆವು. ಹಾಗಾದರೆ ಪ್ರಶ್ನೆ ಇದು: ಬಯಸಿದ್ದು ಕೈಗೆ ಬಂದ ಮೇಲೂ ಅದರ ಸಂತೋಷವೇಕೆ ಕೈಯಲ್ಲಿ ನಿಲ್ಲುವುದಿಲ್ಲ?

ಮೊದಲಿಗೆ ಒಂದು ತಪ್ಪು ತಿಳುವಳಿಕೆಯನ್ನು ದೂರ ಮಾಡಬೇಕು. ‘ಹಣವೇ ಕೆಟ್ಟದ್ದು, ಬಡತನವೇ ಸುಖ’ ಎಂದು ಉಪದೇಶಿಸುವವರಿದ್ದಾರೆ. ಹಸಿದವನ ಮುಂದೆ ನಿಂತು ಹೀಗೆ ಹೇಳುವುದು ಕ್ರೌರ್ಯ. ಪ್ರವಾದಿ(ಸ)ರು ಬಡತನದಿಂದ ಅಲ್ಲಾಹನ ಅಭಯವನ್ನು ಬೇಡುತ್ತಿದ್ದರು. ಹಝ್ರತ್ ಉಸ್ಮಾನ್(ರ) ಮತ್ತು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಸಿರಿವಂತ ವರ್ತಕರೇ ಆಗಿದ್ದರು. ನಳದ ನೀರು ಬಂದದ್ದರಿಂದ ಖಾಲಾರ ನಿದ್ದೆ ಉಳಿಯಿತು, ಸೊಂಟದ ನೋವು ಕಡಿಮೆಯಾಯಿತು. ಅದು ನಿಜವಾದ ಅನುಗ್ರಹ. ಅನುಗ್ರಹ ಹಾಗೆಯೇ ಉಳಿದಿತ್ತು. ಅದು ಅನುಗ್ರಹವೆಂಬ ಅರಿವು ಮಾತ್ರ ಮಾಯವಾಗಿತ್ತು.

ಅಮೆರಿಕದಲ್ಲಿ 1978ರಲ್ಲಿ ಮನಶ್ಶಾಸ್ತ್ರಜ್ಞರ ಒಂದು ಅಧ್ಯಯನ ಪ್ರಕಟವಾಯಿತು. ಲಾಟರಿಯಲ್ಲಿ ಭಾರೀ ಮೊತ್ತ ಗೆದ್ದ 22 ಜನರನ್ನು ಅವರು ಮಾತನಾಡಿಸಿದ್ದರು. ಲಾಟರಿ ನಮಗೆ ನಿಷಿದ್ಧವೇನೋ ಹೌದು, 2007ರಲ್ಲಿ ಕರ್ನಾಟಕ ಸರಕಾರವೂ ಅದನ್ನು ನಿಷೇಧಿಸಿತು. ಆದರೆ ಆ ಅಧ್ಯಯನದಿಂದ ಪಾಠ ಕಲಿಯಲು ಅಡ್ಡಿಯಿಲ್ಲ. ಗೆದ್ದವರು ತಮ್ಮ ನೆರೆಹೊರೆಯವರಿಗಿಂತ ಹೇಳಿಕೊಳ್ಳುವಷ್ಟು ಹೆಚ್ಚು ಸುಖಿಗಳಾಗಿರಲಿಲ್ಲ. ಅಷ್ಟೇ ಅಲ್ಲ, ಗೆಳೆಯನೊಡನೆ ಮಾತು, ಬೆಳಗಿನ ಉಪಾಹಾರ ಮುಂತಾದ ಚಿಕ್ಕಪುಟ್ಟ ಸಂಗತಿಗಳು ಅವರಿಗೆ ಉಳಿದವರಿಗಿಂತ ಸಪ್ಪೆಯಾಗಿದ್ದವು. ಅದು ಚಿಕ್ಕ ಅಧ್ಯಯನ. 2020ರಲ್ಲಿ ಸ್ವೀಡನ್ನಿನಿಂದ ಬಂದ ದೊಡ್ಡ ಅಧ್ಯಯನವೊಂದರಲ್ಲಿ, ಹಣ ಗೆದ್ದವರಿಗೆ ಬದುಕಿನ ಕುರಿತ ಸಮಾಧಾನ ವರ್ಷಗಳ ಕಾಲ ಉಳಿದದ್ದು ಕಂಡುಬಂತು. ಆದರೆ ದಿನದಿನದ ಸಂತೋಷದ ಮೇಲಿನ ಪರಿಣಾಮ ಅದಕ್ಕಿಂತ ಚಿಕ್ಕದಾಗಿತ್ತು. ಅಂದರೆ ಹಣವು ಚಿಂತೆಯನ್ನು ತಗ್ಗಿಸಬಲ್ಲದು. ಬೆಳಗಿನ ಚಹಾಕ್ಕೆ ರುಚಿ ಕೊಡುವುದು ಅದರ ಕೈಯಲ್ಲಿಲ್ಲ.

ಇದಕ್ಕೆ ಮೊದಲ ಕಾರಣ ರೂಢಿ. ಕಣ್ಣು ಬೆಳಕಿಗೆ ಹೊಂದಿಕೊಳ್ಳುವಂತೆ ಮನಸ್ಸು ಸಿಕ್ಕಿದ್ದಕ್ಕೆ ಹೊಂದಿಕೊಳ್ಳುತ್ತದೆ. ಎರಡನೆಯದು ಇದಕ್ಕಿಂತ ಅಪಾಯಕಾರಿ. ಅದು ಹೋಲಿಕೆ.

ನಮ್ಮ ಮಕ್ಕಳನ್ನು ಪ್ರವಾಸಕ್ಕೆಂದು ವಿಜಯಪುರಕ್ಕೆ ಕರೆದೊಯ್ಯುತ್ತೇವೆ. ಅಲ್ಲಿ ತಂದೆ, ಮಗ, ಮೊಮ್ಮಗ ಮೂವರ ಗೋರಿಗಳಿವೆ. 1627ರಲ್ಲಿ ತೀರಿಕೊಂಡ ಎರಡನೆಯ ಇಬ್ರಾಹಿಂ ಆದಿಲ್‌ಶಾಹನದು ಇಬ್ರಾಹಿಂ ರೋಜಾ. ಅದರ ಸೊಬಗಿಗೆ ಸಾಟಿಯಿಲ್ಲ. ಮಗ ಮುಹಮ್ಮದ್ ಆದಿಲ್‌ಶಾಹ ಗಾತ್ರದಲ್ಲಿ ಮೀರಿಸಿದ. ಹೊರಗಿನಿಂದ ಸುಮಾರು 44 ಮೀಟರ್ ಅಗಲದ ಗೋಳಗುಮ್ಮಟದ ಕೆಳಗೆ 1656ರಿಂದ ಆತ ಮಲಗಿದ್ದಾನೆ. ಮೊಮ್ಮಗ ಎರಡನೆಯ ಅಲಿ ಆದಿಲ್‌ಶಾಹ ಅದನ್ನೂ ಮೀರಿಸಲೆಂದು ಬಾರಾ ಕಮಾನು ಕಟ್ಟಲು ಹೊರಟನೆಂದು ಹೇಳುತ್ತಾರೆ. 1672ರಲ್ಲಿ ಆತ ತೀರಿಕೊಂಡಾಗ ಕಮಾನುಗಳು ಮಾತ್ರ ಎದ್ದಿದ್ದವು, ಮೇಲೆ ಆಕಾಶ. 1686ರಲ್ಲಿ ರಾಜ್ಯವೇ ಹೋಯಿತು. ಪವಿತ್ರ ಕುರ್‌ಆನಿನ 102ನೆಯ ಅಧ್ಯಾಯ ‘ಅತ್ತಕಾಸುರ್’. ಹೆಚ್ಚು ಹೆಚ್ಚು ಗಳಿಸುವ ಪೈಪೋಟಿಯಲ್ಲಿ ಮೈಮರೆತವರಿಗೆ ಗೋರಿ ತಲುಪುವ ತನಕ ಎಚ್ಚರವಾಗುವುದಿಲ್ಲವೆಂಬುದು ಅದರ ಸಾರ. ಗೋರಿಯಲ್ಲೂ ಪೈಪೋಟಿ ನಡೆದುದನ್ನು ನೋಡಬೇಕಾದರೆ ವಿಜಯಪುರಕ್ಕೆ ಹೋಗಬೇಕು.

ಸುಲ್ತಾನರನ್ನು ದೂರುವುದು ಸುಲಭ. ನಾನು ನನ್ನ ಮನೆಯ ಮಾತನ್ನು ಹೇಳುತ್ತೇನೆ. ನನ್ನ ತಂಗಿಯ ನಿಕಾಹ್ ಗೊತ್ತಾದಾಗ, ಕೆಲವೇ ತಿಂಗಳ ಹಿಂದೆ ನಮ್ಮ ದೊಡ್ಡಪ್ಪನ ಮನೆಯ ಮದುವೆ ದೊಡ್ಡ ಶಾದಿಮಹಲಿನಲ್ಲಿ ನಡೆದಿತ್ತು. ನಾವೂ ಕಡಿಮೆಯಾಗಬಾರದೆಂದು ಮನೆಯವರೆಲ್ಲ ಹಟ ಹಿಡಿದರು. ಹೊಲಿಗೆ ಕೆಲಸದ ಅಬ್ಬಾ ಬಡ್ಡಿಗೆ ಸಾಲ ತಂದರು. ಬಡ್ಡಿ ಹರಾಮ್ ಎಂದು ಬೆಳಿಗ್ಗೆ ಮಕ್ಕಳಿಗೆ ಪಾಠ ಹೇಳಿ, ಸಂಜೆ ಆ ಕಾಗದಕ್ಕೆ ಸಾಕ್ಷಿಯಾಗಿ ಸಹಿ ಹಾಕಿದವನು ನಾನೇ. ಬಡ್ಡಿಯ ವ್ಯವಹಾರಕ್ಕೆ ಸಾಕ್ಷಿ ನಿಲ್ಲುವವನೂ ಆ ಪಾಪದಲ್ಲಿ ಪಾಲುಗಾರನೆಂದು ಪ್ರವಾದಿ(ಸ)ರು ಎಚ್ಚರಿಸಿರುವುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಮದುವೆಯ ಹಿರಿಮೆ ಎರಡು ದಿನ ಉಳಿಯಿತು. ಮೂರನೆಯ ದಿನ ಯಾರೋ, “ದೊಡ್ಡಪ್ಪನವರ ಬಿರಿಯಾನಿಯೇ ಚೆನ್ನಾಗಿತ್ತು” ಎಂದರು. ಸಾಲ ತೀರಲು ಐದು ವರ್ಷ ಹಿಡಿಯಿತು. ರಾತ್ರಿ ದೀಪದ ಕೆಳಗೆ ಹೊಲಿದು ಹೊಲಿದು ಅಬ್ಬಾರ ಕಣ್ಣು ಮಂಜಾಯಿತು. ಉಂಡವರಿಗೆ ಆ ಊಟದ ನೆನಪೂ ಇಲ್ಲ.

ಹಾಗಾದರೆ ಮನುಷ್ಯನ ಈ ಸ್ವಭಾವವೇ ಒಂದು ದೋಷವೇ? ಅವಸರದಲ್ಲಿ ಹಾಗೆನ್ನಬಾರದು. ಸಂತೋಷವನ್ನು ಮಸುಕುಗೊಳಿಸುವ ರೂಢಿಯೇ ದುಃಖವನ್ನೂ ಮಸುಕುಗೊಳಿಸುತ್ತದೆ. 1978ರ ಅದೇ ಅಧ್ಯಯನದಲ್ಲಿ ಅಪಘಾತದಿಂದ ಪಾರ್ಶ್ವವಾಯುವಿಗೆ ಒಳಗಾದ 29 ಮಂದಿಯನ್ನೂ ಮಾತನಾಡಿಸಲಾಗಿತ್ತು. ಅವರು ಉಳಿದವರಷ್ಟು ಸುಖಿಗಳಾಗಿರಲಿಲ್ಲ ನಿಜ, ಆದರೆ ಜನ ಊಹಿಸುವಷ್ಟು ದುಃಖಿಗಳೂ ಆಗಿರಲಿಲ್ಲ. ಮಗನನ್ನು ಮಣ್ಣಿಗಿಟ್ಟು ಬಂದ ತಾಯಿ ಒಂದು ದಿನ ಮತ್ತೆ ಒಲೆ ಹಚ್ಚುತ್ತಾಳೆ. ರೂಢಿ ಇಲ್ಲದಿದ್ದರೆ ಅದು ಸಾಧ್ಯವೇ? ಅದೂ ಅಲ್ಲಾಹನ ಕರುಣೆಯೇ. ಆದ್ದರಿಂದ ಸಂತೋಷ ಮಾತ್ರ ಮಾಸಬಾರದು, ದುಃಖ ಮಾತ್ರ ಮಾಸಬೇಕು ಎಂದು ಕೇಳುವುದು ನ್ಯಾಯವಲ್ಲ. ಈ ಲೋಕದ ಯಾವ ವಸ್ತುವಿನಲ್ಲೂ ಮಾಸದ ಸುಖವನ್ನು ಇಟ್ಟಿಲ್ಲ. ಅದನ್ನು ಪರಲೋಕಕ್ಕೆಂದು ಕಾದಿರಿಸಲಾಗಿದೆ.

ಇಲ್ಲಿ ನಮ್ಮ ಕೈಯಲ್ಲಿರುವುದು, ಮಾಸಿದ್ದನ್ನು ಆಗಾಗ ತೊಳೆದು ನೋಡುವುದು. ರಮಝಾನಿನ ಉಪವಾಸವನ್ನು ಗಮನಿಸಿರಿ. ಮಾರ್ಚ್-ಏಪ್ರಿಲ್‌ನ ಬಿಸಿಲಿಗೆ ಬಂದ ಉಪವಾಸಗಳಲ್ಲಿ, ಮಗ್‌ರಿಬ್‌ನ ಅಝಾನ್ ಕೇಳಿದೊಡನೆ ಗಂಟಲಿಗಿಳಿದ ಮೊದಲ ಗುಟುಕು ನೀರು ನೆನಪಿದೆಯೇ? ಅದೇ ನಳದ ನೀರು, ಅದೇ ಲೋಟ. ಬದಲಾದದ್ದು ನಾವು. ವರ್ಷಕ್ಕೊಂದು ತಿಂಗಳು ರೂಢಿಯ ಪೊರೆಯನ್ನು ಕಳಚುವ ತರಬೇತಿ ಅದು. ಇಫ್ತಾರಿನಲ್ಲಿ ಹದಿನೈದು ಬಗೆಯ ತಿಂಡಿ ಹರಡಿದರೆ ಆ ಒಂದು ಗುಟುಕಿನ ಪಾಠವನ್ನೇ ಕಳೆದುಕೊಳ್ಳುತ್ತೇವೆ.

ಹೋಲಿಕೆಗೂ ಮದ್ದಿದೆ. ಐಹಿಕ ವಿಷಯಗಳಲ್ಲಿ ನಿಮಗಿಂತ ಮೇಲಿನವರನ್ನಲ್ಲ, ಕೆಳಗಿನವರನ್ನು ನೋಡಿರೆಂದು ಪ್ರವಾದಿ(ಸ)ರು ಬೋಧಿಸಿದರು. ಇಲ್ಲಿ ಒಂದು ಎಚ್ಚರ ಬೇಕು. ‘ಅವನಿಗಿಲ್ಲ, ನನಗಿದೆ’ ಎಂದು ಹಿಗ್ಗುವುದು ಶುಕ್ರ್ ಅಲ್ಲ, ಅಹಂಕಾರ. ಅವನಿಗಿಲ್ಲದ್ದು ಕಣ್ಣಿಗೆ ಬಿದ್ದಾಗ, ನನ್ನಲ್ಲಿರುವುದರಲ್ಲಿ ಅವನ ಪಾಲೆಷ್ಟು ಎಂಬ ಪ್ರಶ್ನೆ ಏಳಬೇಕು. ನೂರಕ್ಕೆ ಎರಡೂವರೆಯ ಝಕಾತ್ ಅದಕ್ಕೆ ಕನಿಷ್ಠ ಉತ್ತರ.

ಓದುಗ ಬಂಧುಗಳೇ, ನಮ್ಮ ಮನೆಯಲ್ಲಿ ಇನ್ನೊಂದು ನಿಕಾಹ್ ಬರಲಿದೆ. ಈ ಬಾರಿ ಮಸೀದಿಯಲ್ಲಿ ನಿಕಾಹ್, ಮನೆಯಂಗಳದಲ್ಲಿ ಊಟ ಎಂದು ಅಬ್ಬಾರೊಡನೆ ಕುಳಿತು ತೀರ್ಮಾನಿಸಿದ್ದೇವೆ. ಜನ ಆಡಿಕೊಳ್ಳಬಹುದು. ಎರಡು ದಿನ ಆಡಿಕೊಳ್ಳುತ್ತಾರೆ, ಮೂರನೆಯ ದಿನ ಅವರಿಗೂ ಅದು ರೂಢಿಯಾಗುತ್ತದೆ. ನಿಮ್ಮ ಮನೆಯಲ್ಲಿಯೂ ಇಂತಹ ಸಂದರ್ಭ ಬಂದರೆ, ಸಾಲದ ಕಾಗದಕ್ಕೆ ಸಹಿ ಹಾಕುವ ಮುನ್ನ ಒಂದು ಲೋಟ ನೀರು ಕುಡಿಯಿರಿ. ಮೆಲ್ಲಗೆ, ಬಿಸ್ಮಿಲ್ಲಾಹ್ ಹೇಳಿ, ಕುಳಿತು ಕುಡಿಯಿರಿ. ನಮ್ಮಲ್ಲಿ ಆಗಲೇ ಎಷ್ಟು ಇದೆಯೆಂಬುದು ಆಗ ತಿಳಿಯಬಹುದು.

ಕೊಟ್ಟದ್ದನ್ನು ಕಾಣುವ ಕಣ್ಣನ್ನೂ ಸಾಕೆನ್ನುವ ಮನಸ್ಸನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.