ಒಳಗೇನಿದೆ ಎಂದು ಕೇಳಿದರೆ

ಅಬ್ಬ ತಮ್ಮ ಮೋರಿಸ್ ಮೈನರ್ ಕಾರನ್ನು ಮಾರುವಾಗ ಅದರ ರೇಡಿಯೋವನ್ನು ಮಾತ್ರ ಬಿಚ್ಚಿ ಇಟ್ಟುಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಅದು ನನ್ನ ಮನೆಗೆ ಬಂತು. ಬಂತು ಎನ್ನುವುದಕ್ಕಿಂತ ನಾನೇ ಎತ್ತಿಕೊಂಡು ಬಂದೆ ಎನ್ನುವುದು ಸರಿ. ಭಾರದ ತಗಡಿನ ಪೆಟ್ಟಿಗೆ, ಎರಡು ತುದಿಗೆ ಎರಡು ತಿರುಗಣೆ, ನಡುವೆ ಗಾಜಿನ ಡಯಲ್. ಜೊತೆಗೆ ಒಂದು ಲೈಸೆನ್ಸ್ ಪುಸ್ತಕ. ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಗೆ ಹೋಗಿ ವರ್ಷ ವರ್ಷ ಹಣ ಕಟ್ಟಬೇಕಿದ್ದ ಕಾಲವೊಂದಿತ್ತು. 1980ರ ದಶಕದಲ್ಲಿ ಅದು ರದ್ದಾಯಿತು.

ಅದನ್ನು ನನ್ನ ಈಗಿನ ಕಾರಿನಲ್ಲಿ ಹಾಕಿಸಬೇಕೆಂಬ ಆಸೆಯಾಯಿತು. ರಿಪೇರಿಯವರು ಮುಚ್ಚಳ ತೆರೆದು ನೋಡಿ ನಕ್ಕರು. "ಸರ್, ಒಳಗಿನದ್ದನ್ನೆಲ್ಲ ಕಿತ್ತು ಹೊಸ ಬೋರ್ಡ್ ಕೂರಿಸುತ್ತೇನೆ. ಎಫ್.ಎಂ. ಬರುತ್ತದೆ, ಮೊಬೈಲಿನ ಹಾಡೂ ಬರುತ್ತದೆ. ಹೊರಗಿನಿಂದ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ."

ಆ ಕೊನೆಯ ಮಾತು ನನ್ನನ್ನು ತಡೆಯಿತು. ಪ್ರವಾದಿಯವರು ಒಮ್ಮೆ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ಒದ್ದೆ ತಾಗಿದ ಪ್ರಸಂಗ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಮಳೆಗೆ ನೆನೆಯಿತು ಎಂದ ವ್ಯಾಪಾರಿಗೆ, ಹಾಗಾದರೆ ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲ ಎಂದು ಅವರು ಕೇಳಿದರು. ಧಾನ್ಯ ನೆನೆದದ್ದು ಅವನ ತಪ್ಪಾಗಿರಲಿಲ್ಲ. ಮುಚ್ಚಿಟ್ಟದ್ದು ತಪ್ಪಾಯಿತು.

ನಾನೇನೂ ರೇಡಿಯೋವನ್ನು ಮಾರುತ್ತಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಕಾರು ಹತ್ತಿದವರಿಗೆ 'ಇದು ನಮ್ಮ ಅಬ್ಬನ ರೇಡಿಯೋ' ಎಂದು ತೋರಿಸಿ ಮೆಚ್ಚುಗೆ ಪಡೆಯುವುದೂ ಒಂದು ಬಗೆಯ ವ್ಯಾಪಾರವೇ.

ಹಾಗೆಂದು ಹಳೆಯದನ್ನು ಮುಟ್ಟಲೇಬಾರದು ಎಂಬ ವಾದವೂ ನಿಲ್ಲುವುದಿಲ್ಲ. ಆ ರೇಡಿಯೋದಲ್ಲಿ ಎಫ್.ಎಂ. ಇಲ್ಲ, ಮೀಡಿಯಂ ವೇವ್ ಮಾತ್ರ. ಇತ್ತೀಚಿನ ವರ್ಷಗಳಲ್ಲಿ ಆಕಾಶವಾಣಿ ದೇಶದ ಹಲವು ಮೀಡಿಯಂ ವೇವ್ ಟ್ರಾನ್ಸ್‌ಮಿಟರುಗಳನ್ನು ನಿಲ್ಲಿಸಿದೆ. ಎಲ್ಲವೂ ನಿಂತ ದಿನ ನನ್ನ ಪರಿಶುದ್ಧ ರೇಡಿಯೋ ಬರೀ ಪೆಟ್ಟಿಗೆ. ಅಲ್ಲದೆ ಅದು ಪರಿಶುದ್ಧವಾಗಿ ಇದ್ದದ್ದಾದರೂ ಯಾವಾಗ? ಅಬ್ಬನೇ ಒಮ್ಮೆ ಸ್ಪೀಕರ್ ಬದಲಿಸಿದ್ದರು. ಕೆಪಾಸಿಟರುಗಳು ಒಣಗಿಹೋಗಿದ್ದವು, ಅವನ್ನು ಬದಲಿಸದೆ ಕರೆಂಟ್ ಕೊಟ್ಟರೆ ಉಳಿದದ್ದೂ ಹಾಳಾದೀತು.

ಇನ್ನೊಂದು ತೊಡಕಿತ್ತು. ಆ ಕಾಲದ ಹೆಚ್ಚಿನ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯನ್ನು ಕಾರಿನ ಬಾಡಿಗೆ ಜೋಡಿಸುತ್ತಿದ್ದರು. ಈಗಿನ ಕಾರುಗಳಲ್ಲಿ ಬಾಡಿಗೆ ಬರುವುದು ಮೈನಸ್. ಕೆಲವು ರೇಡಿಯೋಗಳ ಹಿಂದೆ ಇದನ್ನು ಅದಲುಬದಲು ಮಾಡುವ ಪುಟ್ಟ ಪ್ಲಗ್ ಇರುತ್ತಿತ್ತು, ನಮ್ಮದರಲ್ಲಿ ಇರಲಿಲ್ಲ. ಅದರ ತಗಡಿನ ಪೆಟ್ಟಿಗೆಯೇ ಪ್ಲಸ್. ಹಾಗೆಯೇ ಜೋಡಿಸಿ ಹೊಸ ಕಾರಿನ ಲೋಹಕ್ಕೆ ತಾಗಿಸಿದರೆ ಫ್ಯೂಸ್ ಹಾರುತ್ತದೆ. ವಯರನ್ನು ತಿರುವುಮುರುವು ಕೊಟ್ಟರೆ ಒಳಗಿನ ಜರ್ಮೇನಿಯಂ ಟ್ರಾನ್ಸಿಸ್ಟರುಗಳು ಸುಟ್ಟುಹೋಗುತ್ತವೆ. ಅಂಥವು ಇಂದು ಅಂಗಡಿಯಲ್ಲಿ ಸುಲಭವಾಗಿ ಸಿಗುವಂಥವಲ್ಲ.

ರಿಪೇರಿಯವರೊಡನೆ ಕೂತು ಮಾತಾಡಿದಾಗ ಬೇರೆ ದಾರಿಯೂ ಇದೆ ಎಂದು ತಿಳಿಯಿತು. ಕಾರಿನ ಕರೆಂಟಿಗೂ ರೇಡಿಯೋಗೂ ನೇರ ಸಂಬಂಧವಿಲ್ಲದಂತೆ ನಡುವೆ ಒಂದು ಪುಟ್ಟ ಕನ್ವರ್ಟರ್ ಇಡುವುದು. ಮೊಬೈಲ್ ಬೇಕಾದವರಿಗೆ ವಾಲ್ಯೂಮಿನ ಹತ್ತಿರ ಹೊರಗಿನಿಂದೊಂದು ವಯರ್. ಧ್ವನಿ ಅದೇ ಹಳೆಯ ಆಂಪ್ಲಿಫೈಯರ್ ಮೂಲಕ ಹೊರಬರುತ್ತದೆ. ಡ್ಯಾಶ್‌ಬೋರ್ಡಿನ ಕಿಂಡಿಗೆ ಅದು ಹೊಂದುವುದಿಲ್ಲ, ಆದ್ದರಿಂದ ಕೆಳಗೆ ತೂಗುಹಾಕುವುದು. ಖರ್ಚು ಸ್ವಲ್ಪ ಜಾಸ್ತಿ. ಆದರೆ ನಾಳೆ ಯಾರಿಗಾದರೂ ನಮ್ಮ ಕೆಲಸ ಸರಿಯಲ್ಲ ಎನಿಸಿದರೆ ಬಿಚ್ಚಿ ಮೊದಲಿನಂತೆ ಮಾಡಬಹುದು. ಕಿತ್ತೆಸೆದದ್ದನ್ನು ಹಾಗೆ ಮರಳಿ ತರಲಾಗದು. ನಮ್ಮ ಕರಾವಳಿಯಲ್ಲಿ ಎಷ್ಟೋ ಮರದ ಕಂಬ, ಹಂಚಿನ ಮಾಡಿನ ಮಸೀದಿಗಳನ್ನು ಕೆಡವಿ ಕಾಂಕ್ರೀಟ್ ಕಟ್ಟಿದೆವು. ಜಾಗ ಸಾಲುತ್ತಿರಲಿಲ್ಲ, ನಿಜ. ಆದರೆ ಆ ಕಂಬಗಳು ಎಲ್ಲಿಗೆ ಹೋದವು ಎಂದು ಕೇಳಿದವರು ಕಡಿಮೆ.

ಇಷ್ಟೆಲ್ಲ ಯೋಚಿಸಿದ ಮೇಲೆ, ಮೊದಲೇ ಹೊಳೆಯಬೇಕಿದ್ದದ್ದು ಕೊನೆಗೆ ಹೊಳೆಯಿತು. ರೇಡಿಯೋ ನನ್ನದೇ ಎಂದು ಯಾರು ಹೇಳಿದರು? ತಂದೆ ಬಿಟ್ಟುಹೋದದ್ದು ಎಷ್ಟೇ ಸಣ್ಣದಿರಲಿ, ಹೆಣ್ಣುಮಕ್ಕಳಿಗೂ ಅದರಲ್ಲಿ ಪಾಲಿದೆ ಎಂದು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುವವರು ನಾವು. ತೋಟ, ಮನೆಗಳನ್ನು ಲೆಕ್ಕ ಹಾಕಿ ಹಂಚಿಕೊಂಡಿದ್ದೆವು. ಈ ಪೆಟ್ಟಿಗೆಯ ವಿಷಯದಲ್ಲಿ ಅಕ್ಕನನ್ನು ಒಂದು ಮಾತು ಕೇಳಿರಲಿಲ್ಲ. ಕಾರಿನ ವಸ್ತು ಗಂಡಸರದ್ದು ಎಂದುಕೊಂಡಿದ್ದೆನೋ ಏನೋ.

ಫೋನ್ ಮಾಡಿ ಎಲ್ಲ ಹೇಳಿದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅದರಲ್ಲಿ ಏನು ಬರುತ್ತಿತ್ತು ಅಂತ ನನಗೆ ನೆನಪಿಲ್ಲ. ವಾರ್ತೆ ಶುರುವಾದರೆ ಅಬ್ಬ ನಮ್ಮನ್ನು ಗದರಿಸಿ ಸುಮ್ಮನಾಗಿಸುತ್ತಿದ್ದರಲ್ಲ. ರಾತ್ರಿ ಬರುವಾಗ ಆ ಹಳದಿ ಬೆಳಕು ಕಾಣುತ್ತಿತ್ತು, ಅದು ನೆನಪಿದೆ. ಬಲ್ಬ್ ಉರಿಯುತ್ತದಾ?"

ನಾನು ಅದನ್ನು ನೋಡಿಯೇ ಇರಲಿಲ್ಲ. ಬಲ್ಬ್ ಸುಟ್ಟುಹೋಗಿತ್ತು. ರಿಪೇರಿಯವರು ಎಲ್‌ಇಡಿ ಹಾಕೋಣ ಎಂದರು. ಬಿಳಿ ಬೆಳಕು ಬೇಡವೆಂದು ಹಟ ಹಿಡಿದು ಹಳೆಯ ಬಗೆಯ ಬಲ್ಬನ್ನೇ ಹುಡುಕಿಸಿದೆ.

ಮೊದಲ ದಿನ ಅಕ್ಕನನ್ನೂ ಅವಳ ಮೊಮ್ಮಗನನ್ನೂ ಕೂರಿಸಿಕೊಂಡು ಹೊರಟೆ. ಕನ್ವರ್ಟರಿನದೋ ಇಂಜಿನ್ನಿನದೋ, ಕರಕರ ಸದ್ದು ಸಾಕಷ್ಟಿತ್ತು. "ಇದು ಒರಿಜಿನಲ್ಲಾ?" ಎಂದು ಹುಡುಗ ಕೇಳಿದ. ಕೆಪಾಸಿಟರ್ ಹೊಸದು, ಕನ್ವರ್ಟರ್ ಹೊಸದು, ಬಲ್ಬ್ ಹೊಸದು, ಸ್ಪೀಕರ್ ನಿನ್ನ ಮುತ್ತಜ್ಜ ಹಾಕಿಸಿದ್ದು ಎಂದು ಒಂದೊಂದಾಗಿ ಹೇಳಿದೆ. ಅರ್ಧದಲ್ಲೇ ಅವನಿಗೆ ಬೇಸರ ಬಂದು ಕಿಟಕಿಯ ಕಡೆ ತಿರುಗಿದ. ಅಕ್ಕ ಮಾತ್ರ ಮುಂದೆ ಬಾಗಿ ಮೆಲ್ಲಗೆ ಡಯಲ್ ತಿರುಗಿಸುತ್ತಲೇ ಇದ್ದಳು.