ಇಂದಿನ ಚಿಂತನೆ: ಒಳಗಿನ ತಗಡು



ಲಕ್ಷ್ಮೀಪುರಂನ ನಮ್ಮ ಬೀದಿಯಲ್ಲಿ ಒಬ್ಬರು ಹಳೆಯ ವಿಲ್ಲೀಸ್ ಪಿಕಪ್ ಒಂದನ್ನು ಶೆಡ್ಡಿನಲ್ಲಿಟ್ಟು ಹೊಸದಾಗಿ ಕಟ್ಟಿಸುತ್ತಿದ್ದಾರೆ. 1947ರಿಂದ 1965ರವರೆಗೆ ಅಮೆರಿಕದಲ್ಲಿ ತಯಾರಾದ, ಜೀಪಿನ ಅಣ್ಣನಂತಿರುವ ಗಾಡಿ. ಈಗ ಎಂಜಿನ್ ಬೇರೆಯದು, ಚಕ್ರಗಳೂ ಅಗಲ. ಹಾಗಾಗಿ ಮಡ್‌ಗಾರ್ಡಿನ ಒಳಗೆ, ಚಕ್ರಕ್ಕೂ ಎಂಜಿನ್ನಿಗೂ ನಡುವೆ ಗೋಡೆಯಂತೆ ನಿಲ್ಲುವ ತಗಡು ಕೂರುತ್ತಿರಲಿಲ್ಲ. ಅದನ್ನು ಕೈಯಲ್ಲೇ ಮಾಡಬೇಕು. ವಯಸ್ಸಾದ ಟಿಂಕರ್ ಒಬ್ಬರು ಮಾಡುತ್ತಿದ್ದರು.

ಸಂಜೆ ಶಾಲೆಯಿಂದ ಬರುವಾಗ ನಿಂತು ನೋಡುವುದು ನನಗೆ ಅಭ್ಯಾಸವಾಯಿತು. ಮೊದಲು ರಟ್ಟಿನಲ್ಲಿ ಮಾದರಿ ಕತ್ತರಿಸಿದರು. ಚಕ್ರವನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಜಾಕ್ ಕೊಟ್ಟು ಮೇಲೆತ್ತಿ, ರಟ್ಟಿಗೆ ತಾಗುತ್ತದೆಯೇ ಎಂದು ನೋಡಿದರು. ಆಮೇಲೆ 18 ಗೇಜಿನ ತಗಡು; ಮರಳಿನ ಚೀಲದ ಮೇಲಿಟ್ಟು ಸುತ್ತಿಗೆಯ ಪೆಟ್ಟು. ತಗಡು ಅದುರದಿರಲೆಂದು ಉದ್ದಕ್ಕೆ ಏಣು ಎಬ್ಬಿಸಿದರು. ಕೆಸರು ನಿಲ್ಲದಂತೆ ಕೆಳಗೆ ಸಂದು ಬಿಟ್ಟರು. ಬಲಗಡೆಯದನ್ನು ಕೂರಿಸಿ ಬೋಲ್ಟು ಬಿಗಿದಾಗಿತ್ತು. ಮರುದಿನ ನೋಡಿದರೆ ಬಿಚ್ಚುತ್ತಿದ್ದಾರೆ. ತಗಡಿನ ಮೇಲೆ ತಗಡು ಬಂದು ಬೆಸುಗೆಯಾದ ಜಾಗದ ಹಿಂದೆ ಪ್ರೈಮರ್ ಹಿಡಿದಿಲ್ಲವಂತೆ.

"ಯಾರಿಗೆ ಕಾಣುತ್ತೆ ಬಿಡಿ" ಎಂದೆ.

"ನೀರಿಗೆ ಕಾಣುತ್ತೆ ಮೇಡಂ" ಎಂದರು, ಸ್ಪ್ಯಾನರಿನಿಂದ ಕಣ್ಣೆತ್ತದೆ.

ರಥ ಎಂದರೆ ನಮಗೆ ನಾಗಸೇನ ಥೇರರೇ ನೆನಪಾಗುವುದು. ನನಗೆ ಅಂದು ನೆನಪಾದದ್ದು ಅಂಗುತ್ತರ ನಿಕಾಯದ ರಥಕಾರ. ಆರು ತಿಂಗಳಲ್ಲಿ ಯುದ್ಧವಿದೆ, ಒಂದು ಜೊತೆ ಚಕ್ರ ಬೇಕು ಎನ್ನುತ್ತಾನೆ ಪಚೇತನ ರಾಜ. ಆರು ದಿನ ಉಳಿದಾಗ ಮುಗಿದಿದ್ದು ಒಂದೇ. ಇನ್ನೊಂದನ್ನು ಆ ಆರು ದಿನದಲ್ಲೇ ಮುಗಿಸುತ್ತಾನೆ. ರಾಜನಿಗೆ ಎರಡೂ ಒಂದೇ ಥರ ಕಾಣುತ್ತವೆ. ರಥಕಾರ ಉರುಳಿಸಿ ತೋರಿಸುತ್ತಾನೆ. ಆರು ದಿನದ ಚಕ್ರ ತಳ್ಳಿದ ಬಲ ಇರುವಷ್ಟು ದೂರ ಹೋಗಿ, ಗಿರಕಿ ಹೊಡೆದು ಬೀಳುತ್ತದೆ. ಇನ್ನೊಂದು ಅಚ್ಚಿಗೆ ಸಿಕ್ಕಿಸಿದಂತೆ ನಿಲ್ಲುತ್ತದೆ. ಬಿದ್ದದ್ದರ ಗುಂಬ, ಕಡ್ಡಿ, ಸುತ್ತುಪಟ್ಟಿ ಎಲ್ಲದರಲ್ಲೂ ವಕ್ರತೆ. ಆ ರಥಕಾರ ನಾನೇ ಆಗಿದ್ದೆ, ಈಗ ಕಾಯ, ವಾಕ್ಕು, ಮನಸ್ಸುಗಳ ವಕ್ರತೆಯನ್ನು ಬಲ್ಲೆ ಎನ್ನುತ್ತಾರೆ ಭಗವಾನರು.

ನನ್ನನ್ನು ಕಾಡಿದ್ದು ಬೇರೆ. ಕೆಟ್ಟ ಚಕ್ರ ಮಾಡಿದವನೂ ಅವನೇ ತಾನೆ? ಸಮಯವಿರಲಿಲ್ಲ, ಮಾಡಿದ. ವ್ಯತ್ಯಾಸ ಕಾಣದು ಎಂದು ರಾಜನೇ ಹೇಳಿದಾಗ ಸುಮ್ಮನಿದ್ದುಬಿಡಬಹುದಿತ್ತು. ಅವಸರದ ಕೆಲಸ ಎಲ್ಲರಿಂದಲೂ ಆಗುತ್ತದೆ. ಯುದ್ಧಕ್ಕೆ ಮೊದಲೇ ಅದನ್ನು ಎಲ್ಲರೆದುರು ಬೀಳಿಸಿ ತೋರಿಸುವುದು ಎಷ್ಟು ಜನರಿಂದಾದೀತು?

ನನ್ನ ಬಳಿಯೂ ಅಂಥದೊಂದು ಚಕ್ರವಿತ್ತು, ಆರು ದಿನದ್ದೂ ಅಲ್ಲ, ಒಂದು ರಾತ್ರಿಯದು. ಮಕ್ಕಳ ಆಂತರಿಕ ಅಂಕಗಳನ್ನು ಅವರ ಯೋಜನಾ ಪುಸ್ತಕ ತೆರೆಯದೆ, ಅಂದಾಜಿನ ಮೇಲೆ ತುಂಬಿ ಕೊಟ್ಟಿದ್ದೆ. ಪಟ್ಟಿ ಅಚ್ಚುಕಟ್ಟಾಗಿತ್ತು. ಯಾರೂ ಕೇಳಲಿಲ್ಲ. ಆ ಸಂಜೆ ಕಟ್ಟು ಬಿಚ್ಚಿದೆ. ತರಗತಿಯಲ್ಲಿ ಬಾಯಿ ಬಿಡದ ಹುಡುಗಿಯೊಬ್ಬಳು ಅಜ್ಜಿಯಿಂದ ಕೇಳಿದ ಒಗಟುಗಳನ್ನು ಬರೆದಿದ್ದಳು, ಅಜ್ಜಿ ಯಾವ ಕೆಲಸ ಮಾಡುತ್ತ ಯಾವುದನ್ನು ಹೇಳಿದಳು ಎಂಬ ಟಿಪ್ಪಣಿಯ ಸಮೇತ. ನಾನು ಅವಳಿಗೆ ಕೊಟ್ಟಿದ್ದು ಮಾತಾಡದ ಮಕ್ಕಳಿಗೆ ಕೊಡುವ ಅಂಕ.

ಪಟ್ಟಿ ಹೋಗಿ ನಾಲ್ಕು ದಿನವಾಗಿತ್ತು. ಮರುದಿನ ಬೆಳಿಗ್ಗೆ ಮುಖ್ಯ ಶಿಕ್ಷಕರ ಕೋಣೆಯ ಹೊರಗೆ, ಅವರ ಫೋನು ಮುಗಿಯಲೆಂಬ ನೆಪದಲ್ಲಿ, ಬಹಳ ಹೊತ್ತು ನಿಂತೆ. ಆಮೇಲೆ ಆ ಪುಸ್ತಕ ಹಿಡಿದು ಒಳಗೆ ಹೋದೆ.